ಬರಿಗೋಲಿನ ಆಯ್ಕೆ: ಗಾಳದ ಕೋಲಿನ ಹಗುರತನವನ್ನು ಕುರಿತ ಒಂದು ಐತಿಹಾಸಿಕ ವಿವೇಚನೆ

೧

ಗಾಳದ ಕೋಲನ್ನು ತನ್ನ ಕೈಯಾರೆ ಕಟ್ಟಿಕೊಳ್ಳಲು ಹೊರಟವನು ಮೊಟ್ಟಮೊದಲು ಮಾಡಬೇಕಾದುದು ಬರಿಯ ಕೋಲಿನ ಆಯ್ಕೆ. ಹಿಡಿ, ರೀಲು ಕೂರುವ ಪೀಠ, ದಾರ ಹಾಯುವ ಉಂಗುರಗಳು ಇವೊಂದೂ ಇನ್ನೂ ಸೇರದ ಈ ಕೋಲಿಗೆ ಪಾಶ್ಚಾತ್ಯ ಕೋಲುಗಾರರು ‘ಬ್ಲ್ಯಾಂಕ್’ ಎನ್ನುತ್ತಾರೆ. ಪ್ರಕೃತ ಲೇಖನದಲ್ಲಿ ನಾವು ಇದನ್ನು ‘ಬರಿಗೋಲು’ ಎಂದು ಕರೆಯುತ್ತೇವೆ. ಬರಿಗೋಲು ಹಗುರವಾಗಿರಬೇಕೆಂಬುದು ಈಗ ಸರ್ವರೂ ಒಪ್ಪಿದ ಮಾತು. ಆದರೆ ಹಗುರವೆಂದರೇನು, ಯಾವ ಕೆಲಸಕ್ಕೆ ಹಗುರ, ಹಿಂದಿನವರು ಹಗುರವೆಂದು ಆರಿಸಿದುದನ್ನು ಅವರು ಅದರ ಗುಣವೊಂದನ್ನೇ ನೋಡಿ ಆರಿಸಿದರೇ ಎಂಬ ಪ್ರಶ್ನೆಗಳು ಅಷ್ಟು ಸುಲಭವಾದುವಲ್ಲ. ಇವುಗಳಿಗೆ ಉತ್ತರವನ್ನು ಇತಿಹಾಸದಲ್ಲಿ ಅರಸುವುದೇ ಈ ಲೇಖನದ ಉದ್ದೇಶ.

ವಿಷಯವು ಅಲ್ಪವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ನಾಡಿನ ಒಬ್ಬ ಅರಸನಿಗೆ ಅದು ಅಲ್ಪವೆಂದು ತೋರಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಉಂಟು. ಮೀನುಗಳ ಭೇದ, ಅವುಗಳಿಗಿಡುವ ಮೇವು, ಗಾಳ ಹಾಕಿ ಹಿಡಿಯುವ ವಿಧಾನ ಇವೆಲ್ಲವೂ ಅಲ್ಲಿ ಶಾಸ್ತ್ರದ ಗಾಂಭೀರ್ಯದಿಂದ ನಿರೂಪಿತವಾಗಿವೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಪ್ರಕರಣವನ್ನು ವಿವೇಚಿಸಿ ವಿದ್ವಾಂಸರ ಗಮನಕ್ಕೆ ತಂದರು. ಆದರೆ ಹಗುರವಾದ ಬರಿಗೋಲಿನ ಅನ್ವೇಷಣೆ ಮುಖ್ಯವಾಗಿ ನಡೆದದ್ದು ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ, ಅನಂತರ ಜಪಾನಿನಲ್ಲಿ. ಆದ್ದರಿಂದ ನಮ್ಮ ವಿವೇಚನೆಯೂ ಆ ದೇಶಗಳನ್ನೇ ಅನುಸರಿಸಬೇಕಾಗುತ್ತದೆ. ನಡುವೆ ಒಂದೆರಡು ಕಡೆ ಭಾರತದ ಮತ್ತು ಕರ್ನಾಟಕದ ಸಂಬಂಧ ತಾನಾಗಿಯೇ ಒದಗುತ್ತದೆ.

೨

ಇಂಗ್ಲಿಷಿನಲ್ಲಿ ಗಾಳದ ಕಲೆಯನ್ನು ಕುರಿತ ಮೊದಲ ಮುದ್ರಿತ ಪ್ರಬಂಧವು ೧೪೯೬ರಲ್ಲಿ ವಿಂಕಿನ್ ಡ ವೊರ್ಡ್ ಎಂಬ ಮುದ್ರಕನಿಂದ ಹೊರಬಂದಿತು. ಕೋಲನ್ನು ಸಿದ್ಧಪಡಿಸುವ ಕ್ರಮ ಅದರಲ್ಲಿ ವಿವರವಾಗಿದೆ. ಚಳಿಗಾಲದಲ್ಲಿ ಹೇಸಲ್, ವಿಲ್ಲೊ ಅಥವಾ ಆಸ್ಪೆನ್ ಮರದ ನೇರವಾದ ಕೊಂಬೆಯನ್ನು ಕಡಿದು, ಒಲೆಯಲ್ಲಿ ಕಾಯಿಸಿ, ನೆಟ್ಟಗೆ ಮಾಡಿ, ವಾರಗಟ್ಟಲೆ ಒಣಗಿಸಿ, ಅನಂತರ ಕಾದ ಕಬ್ಬಿಣದ ಸರಳಿನಿಂದ ಒಳತಿರುಳನ್ನು ಸುಟ್ಟು ಪೊಳ್ಳಾಗಿಸಬೇಕೆಂದು ಪ್ರಬಂಧಕಾರನು ವಿಧಿಸುತ್ತಾನೆ. ಕೋಲಿನ ಮೇಲ್ಭಾಗವನ್ನು ಆ ಪೊಳ್ಳಿನೊಳಗೆ ಸೇರಿಸಿಟ್ಟುಕೊಂಡು ನಡೆಯಬಹುದೆಂಬುದೇ ಇದರ ಮುಖ್ಯ ಪ್ರಯೋಜನ. ಹೀಗೆ ಬೇರೊಂದು ಕಾರಣಕ್ಕಾಗಿ ಕೊರೆದ ಪೊಳ್ಳಿನಿಂದ ಕೋಲು ಹಗುರವೂ ಆಯಿತು. ಮುಂದಿನ ಐದು ಶತಮಾನಗಳ ಪ್ರಗತಿಯ ಬೀಜ ಇಲ್ಲಿಯೇ ಅಡಗಿತ್ತೆಂದರೆ ಅತಿಶಯೋಕ್ತಿಯಾಗದು.

೧೮ ಮತ್ತು ೧೯ನೆಯ ಶತಮಾನಗಳಲ್ಲಿ ಸಾಗರೋತ್ತರ ವ್ಯಾಪಾರ ಬೆಳೆದಂತೆ ಕೋಲುಗಾರನ ಮುಂದೆ ದೂರದೂರದ ಮರಗಳು ಬಂದುವು: ಉತ್ತರ ಅಮೆರಿಕದ ಹಿಕ್ಕರಿ, ವೆಸ್ಟ್ ಇಂಡೀಸಿನ ಲ್ಯಾನ್ಸ್‌ವುಡ್, ದಕ್ಷಿಣ ಅಮೆರಿಕದ ಗಯಾನಾದಿಂದ ಗ್ರೀನ್‌ಹಾರ್ಟ್. ಇವುಗಳಲ್ಲಿ ಗ್ರೀನ್‌ಹಾರ್ಟಿಗೆ ಬ್ರಿಟನ್ನಿನಲ್ಲಿ ಬಹುಕಾಲ ಅಗ್ರಸ್ಥಾನವಿತ್ತು. ಅದು ಬಾಗಿದರೆ ಥಟ್ಟನೆ ಹಿಂದಿರುಗುವ ಮರ. ಆದರೆ ಅದರ ಸಾಂದ್ರತೆ ಹೆಚ್ಚುಕಡಮೆ ನೀರಿನದರಷ್ಟೇ. ಆದ್ದರಿಂದ ನೀಳವಾದ ಸಾಲ್ಮನ್ ಕೋಲನ್ನು ದಿನವಿಡೀ ಬೀಸುವುದು ಎರಡು ತೋಳುಗಳಿಗೂ ದಂಡನೆಯಾಗಿತ್ತು.

ಇಲ್ಲಿ ಕ್ಷಣಕಾಲ ನಿಂತು, ಹಗುರತನದ ಸ್ವರೂಪವನ್ನು ಯಂತ್ರಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸುವುದು ಅವಶ್ಯ. ಗುಂಡಗಿರುವ ಘನವಾದ ಕೋಲಿನ ದಪ್ಪವನ್ನು ಇಮ್ಮಡಿಸಿದರೆ ಅದರ ತೂಕ ೪ ಪಟ್ಟಾಗುತ್ತದೆ. ಅದರ ದಾರ್ಢ್ಯ, ಎಂದರೆ ಬಾಗುವಿಕೆಯನ್ನು ಎದುರಿಸುವ ಶಕ್ತಿ, ೧೬ ಪಟ್ಟಾಗುತ್ತದೆ. ಬಾಗುವಾಗ ಶ್ರಮವೆಲ್ಲ ಹೊರಮೈಯ ಪಾಲಿಗೆ ಬೀಳುತ್ತದೆ. ನಡುವಿನ ತಿರುಳು ಹೆಚ್ಚೇನೂ ದುಡಿಯದೆ ಭಾರವಾಗಿ ಕುಳಿತಿರುತ್ತದೆ. ಹೊರವ್ಯಾಸದ ಅರ್ಧದಷ್ಟು ಅಗಲದ ರಂಧ್ರವನ್ನು ನಡುವೆ ಕೊರೆದರೆ ತೂಕದಲ್ಲಿ ಕಾಲುಭಾಗ ಕಳೆಯುತ್ತದೆ, ದಾರ್ಢ್ಯದಲ್ಲಿ ಹದಿನಾರನೆಯ ಒಂದು ಭಾಗ ಮಾತ್ರ ನಷ್ಟವಾಗುತ್ತದೆ. ಎರಡನೆಯದಾಗಿ, ತೂಕವು ಎಲ್ಲಿದೆಯೆಂಬುದು ತೂಕವೆಷ್ಟೆಂಬುದಕ್ಕಿಂತ ಮುಖ್ಯ. ಕೋಲನ್ನು ಕೈಯನ್ನು ಕೇಂದ್ರವಾಗಿಟ್ಟುಕೊಂಡು ಬೀಸುವಾಗ, ಹಿಡಿಯಿಂದ ೮ ಅಡಿ ದೂರದಲ್ಲಿರುವ ೧ ಗ್ರಾಂ ಭಾರವು ೨ ಅಡಿ ದೂರದಲ್ಲಿರುವ ೧ ಗ್ರಾಂ ಭಾರಕ್ಕಿಂತ ೧೬ ಪಟ್ಟು ಹೆಚ್ಚಾಗಿ ಚಲನೆಯನ್ನು ವಿರೋಧಿಸುತ್ತದೆ. ತಕ್ಕಡಿಯಲ್ಲಿ ಸಮನಾಗಿ ತೂಗುವ ಎರಡು ಕೋಲುಗಳಲ್ಲಿ ಒಂದು ಕೈಗೆ ಹಗುರವೂ ಇನ್ನೊಂದು ಭಾರವೂ ಆಗಿ ತೋರುವುದಕ್ಕೆ ಇದೇ ಕಾರಣ. ಆದ್ದರಿಂದ ಗಾಳದ ಕೋಲಿನ ಇತಿಹಾಸವು ಕೇವಲ ಭಾರವನ್ನು ಕಳೆದ ಇತಿಹಾಸವಲ್ಲ. ಅದು ನಡುವಿನ ಭಾರವನ್ನೂ ತುದಿಯ ಭಾರವನ್ನೂ ಕಳೆದ ಇತಿಹಾಸವೆಂದು ನಾವು ತಿಳಿಯಬೇಕು.

೩

ಈ ತತ್ತ್ವವು ಸೂತ್ರರೂಪದಲ್ಲಿ ತಿಳಿದಿದ್ದರೂ ಇಲ್ಲದಿದ್ದರೂ, ಕುಶಲಕರ್ಮಿಗಳ ಕೈ ಅದನ್ನು ಬಿದಿರಿನಲ್ಲಿ ಕಂಡುಕೊಂಡಿತು. ಬಿದಿರಿನ ಗಟ್ಟಿಯಾದ ನಾರುಗಳು ಹೊರಸಿಪ್ಪೆಯ ಬಳಿ ಒತ್ತಾಗಿರುತ್ತವೆ. ಒಳಗೆ ಹೋದಂತೆಲ್ಲ ಅವು ವಿರಳವಾಗುತ್ತವೆ. ನಮ್ಮ ನಾಡಿನ ಮೇದರಿಗೆ ಇದು ಹೊಸ ಸಂಗತಿಯಲ್ಲ. ಬಿದಿರನ್ನು ಸೀಳಿ, ಮೆತ್ತನೆಯ ಒಳಭಾಗವನ್ನು ತೆಗೆದುಹಾಕಿ, ಹೊರಭಾಗದ ಸೀಳುಗಳನ್ನು ಸಿಪ್ಪೆ ಹೊರಮುಖವಾಗಿರುವಂತೆ ಅಂಟಿಸಿದರೆ, ದುಡಿಯುವ ನಾರೆಲ್ಲವೂ ದುಡಿಮೆಯ ಸ್ಥಳದಲ್ಲಿಯೇ ನಿಲ್ಲುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಈಸ್ಟನ್ ಪಟ್ಟಣದಲ್ಲಿ ಬಂದೂಕುಗಳನ್ನೂ ಪಿಟೀಲುಗಳನ್ನೂ ತಯಾರಿಸುತ್ತಿದ್ದ ಸ್ಯಾಮ್ಯುಯೆಲ್ ಫಿಲಿಪ್ಪಿಯು ೧೮೪೦ರ ದಶಕದ ನಡುವಿನಲ್ಲಿ ಇಂತಹ ಕೋಲನ್ನು ಮಾಡಿದನೆಂಬುದು ಪ್ರಸಿದ್ಧವಾದ ಮಾತು. ಇಂಗ್ಲೆಂಡಿನಲ್ಲಿ ಅದಕ್ಕೂ ಹಿಂದೆ ಕೋಲಿನ ತುದಿಭಾಗವನ್ನು ಸೀಳುಬಿದಿರಿನಿಂದ ಕಟ್ಟುವ ರೂಢಿಯಿದ್ದಿತಾದ್ದರಿಂದ, ಇದನ್ನು ಒಬ್ಬನದೇ ಆವಿಷ್ಕಾರವೆನ್ನುವುದು ಸರಿಯಲ್ಲ. ಮೇನ್ ಪ್ರಾಂತದ ಬ್ಯಾಂಗರಿನಲ್ಲಿದ್ದ ಹೈರಮ್ ಲಿಯೊನಾರ್ಡನು ೧೮೭೦ರ ದಶಕದಲ್ಲಿ ಆರು ಸೀಳುಗಳ ಷಟ್ಕೋನಾಕೃತಿಯ ಕೋಲನ್ನು ಯಂತ್ರಸಹಾಯದಿಂದ ತಯಾರಿಸಲು ತೊಡಗಿದ ಮೇಲೆ ಅದು ಒಬ್ಬ ಕುಶಲನ ಕೌತುಕವಾಗಿ ಉಳಿಯದೆ ಒಂದು ಉದ್ಯಮವಾಯಿತು.

ಈ ಕೋಲುಗಳ ಬಿದಿರು ಎಲ್ಲಿಯದು? ಆರಂಭದ ಸೀಳುಬಿದಿರಿನ ಕೋಲುಗಳಿಗೆ ಒದಗಿದ್ದು ‘ಕಲ್ಕತ್ತಾ ಬಿದಿರು’. ಹೆಸರು ಕಲ್ಕತ್ತೆಯದಾದರೂ ಅದು ಹಡಗೇರಿದ ಬಂದರಿನ ಹೆಸರೇ ಹೊರತು ಬೆಳೆದ ನೆಲದ ಹೆಸರಲ್ಲ. ಅದನ್ನು ಸಾಮಾನ್ಯವಾಗಿ ನಮ್ಮಲ್ಲಿಯೂ ಬೆಳೆಯುವ ಗಂಡುಬಿದಿರಿನ ಜಾತಿಯೆಂದು ಗುರುತಿಸುತ್ತಾರೆ. ಹೀಗೆ ಅಮೆರಿಕದ ತೊರೆಗಳಲ್ಲಿ ಟ್ರೌಟ್ ಮೀನನ್ನು ಹಿಡಿದ ಮೊದಲ ಹಗುರವಾದ ಕೋಲುಗಳ ನಾರು ಭಾರತದ ಕಾಡಿನದಾಗಿತ್ತು. ಆ ಕೋಲುಗಳ ಚರಿತ್ರೆಯಲ್ಲಿ ಕುಶಲಕರ್ಮಿಗಳ ಹೆಸರುಗಳು ಉಳಿದಿವೆ. ಬಿದಿರನ್ನು ಕಡಿದು ಹೊತ್ತು ಬಂದರಿಗೆ ಸಾಗಿಸಿದವರ ಹೆಸರು ಒಂದೂ ಉಳಿದಿಲ್ಲ. ಇದೇ ಕಾಲದಲ್ಲಿ, ೧೮೭೩ರಲ್ಲಿ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿ ಸೇವೆ ಸಲ್ಲಿಸಿದ ಹೆನ್ರಿ ಸಲ್ಲಿವನ್ ಥಾಮಸನ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವು ಮಂಗಳೂರಿನಲ್ಲಿ ಪ್ರಕಟವಾದುದು ಗಮನಾರ್ಹ. ಭಾರತದ ನದಿಗಳಲ್ಲಿ ಗಾಳ ಹಾಕುವವರಿಗೆ ಬಹುಕಾಲ ಆಧಾರವಾಗಿದ್ದ ಈ ಗ್ರಂಥವು ಮುಂದೆ ಲಂಡನ್ನಿನಲ್ಲಿ ಮರುಮುದ್ರಣಗಳನ್ನು ಕಂಡಿತು.

೨೦ನೆಯ ಶತಮಾನದ ಆರಂಭದ ದಶಕಗಳಲ್ಲಿ ಕಲ್ಕತ್ತಾ ಬಿದಿರಿನ ಸ್ಥಾನವನ್ನು ‘ಟಾಂಕಿನ್ ಬಿದಿರು’ ಆಕ್ರಮಿಸಿತು. ಇದರ ಗೆಣ್ಣುಗಳು ಹೆಚ್ಚು ಅಂತರದಲ್ಲಿರುತ್ತವೆ, ಕಾಂಡ ನೆಟ್ಟಗಿರುತ್ತದೆ, ನಾರಿನ ಪದರ ದಟ್ಟವಾಗಿರುತ್ತದೆ. ಕಲ್ಕತ್ತೆಯಿಂದ ಬರುತ್ತಿದ್ದ ಬಿದಿರಿನ ಮೇಲೆ ಸುಟ್ಟ ಕಲೆಗಳಿರುತ್ತಿದ್ದು, ಆ ಭಾಗವನ್ನು ಎಷ್ಟೋ ವೇಳೆ ಬಿಸುಡಬೇಕಾಗುತ್ತಿತ್ತು. ಟಾಂಕಿನ್ ಬಿದಿರಿಗೆ ಆ ದೋಷವಿರಲಿಲ್ಲ. ಹೆಸರಿನ ವಿಷಯದಲ್ಲಿ ಮಾತ್ರ ಇಲ್ಲಿಯೂ ಹಿಂದಿನ ತಪ್ಪೇ ಮರುಕಳಿಸಿತು. ಟಾಂಕಿನ್ ಎಂಬುದು ವಿಯೆಟ್ನಾಮಿನ ಉತ್ತರಭಾಗ. ಬಿದಿರು ಬೆಳೆಯುವುದು ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ. ಸಸ್ಯಶಾಸ್ತ್ರಜ್ಞ ಮೆಕ್‌ಕ್ಲೂರನು ೧೯೩೧ರಲ್ಲಿ ಇದನ್ನು ವರ್ಣಿಸಿ, ಮನೋಹರವೆಂಬ ಅರ್ಥದ ‘ಅಮಾಬಿಲಿಸ್’ ಎಂಬ ಜಾತಿನಾಮವನ್ನು ಕೊಟ್ಟನು. ವ್ಯಾಪಾರದ ಹೆಸರುಗಳನ್ನು ನಂಬಿ ಮೂಲಸ್ಥಳವನ್ನು ನಿರ್ಣಯಿಸುವ ವಿದ್ಯಾರ್ಥಿಗೆ ಈ ಎರಡು ಬಿದಿರುಗಳೂ ಒಳ್ಳೆಯ ಎಚ್ಚರಿಕೆ.

೧೯೩೦ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ವಿನ್ಸ್‌ಟನ್ ಸಂಸ್ಥೆಯ ಲೂ ಸ್ಟೋನರನು ಸೀಳುಗಳ ಒಳಭಾಗವನ್ನು ತೋಡಿ ಪೊಳ್ಳಾದ ಬಿದಿರುಗೋಲನ್ನು ಕಟ್ಟಿದನು. ದೂರ ಎಸೆಯುವ ಸ್ಪರ್ಧೆಗಳಲ್ಲಿ ಅದಕ್ಕೆ ಕೀರ್ತಿ ಬಂದಿತು. ೧೪೯೬ರ ಪ್ರಬಂಧಕಾರನು ಸಾಮಾನು ತುಂಬಲು ಸುಟ್ಟು ಮಾಡಿದ ಪೊಳ್ಳು ಈಗ ಹಗುರತನಕ್ಕಾಗಿಯೇ ಉದ್ದೇಶಪೂರ್ವಕವಾಗಿ ತೋಡಿದ ಪೊಳ್ಳಾಯಿತು.

೪

ಎರಡನೆಯ ಮಹಾಯುದ್ಧದ ಅಂತ್ಯದ ವೇಳೆಗೆ ಗಾಜಿನ ಎಳೆ ರಂಗಕ್ಕೆ ಬಂದಿತು. ಗಾಜನ್ನು ಸೂಕ್ಷ್ಮವಾದ ಎಳೆಗಳಾಗಿ ಎಳೆದು, ರಾಳದಲ್ಲಿ ನೆನೆಸಿ ಗಟ್ಟಿಗೊಳಿಸುವ ವಿದ್ಯೆ ಯುದ್ಧಕಾಲದಲ್ಲಿ ಬೆಳೆಯಿತು. ಅಮೆರಿಕದ ರಸಾಯನಶಾಸ್ತ್ರಜ್ಞ ಆರ್ಥರ್ ಹೊವಾಲ್ಡನು ಕಂಡುಹಿಡಿದ ಕ್ರಮದಿಂದ ಶೇಕ್ಸ್‌ಪಿಯರ್ ಸಂಸ್ಥೆಯು ‘ವಂಡರಾಡ್’ ಎಂಬ ಕೋಲನ್ನು ೧೯೪೦ರ ದಶಕದ ಉತ್ತರಾರ್ಧದಲ್ಲಿ ಮಾರುಕಟ್ಟೆಗೆ ತಂದಿತು. ಗಾಜು ಬಿದಿರಿಗಿಂತ ಹಗುರವಾದ ವಸ್ತುವೆಂದು ಅನೇಕರು ಭಾವಿಸುವುದುಂಟು. ವಾಸ್ತವವಾಗಿ ಗಾಜಿನ ಎಳೆಯ ಸಾಂದ್ರತೆ ನೀರಿನದರ ಎರಡೂವರೆ ಪಟ್ಟು. ಒಣಗಿದ ಬಿದಿರಾದರೋ ನೀರಿನ ಮೇಲೆ ತೇಲುತ್ತದೆ. ಘನವಾದ ಗಾಜಿನ ಕೋಲುಗಳು ಅಗ್ಗವಾಗಿದ್ದರೂ ಭಾರವಾಗಿದ್ದುವು. ಗಾಜು ಹಗುರವಾದುದು ಪೊಳ್ಳಾದ ಮೇಲೆಯೇ. ನೆನೆಸಿದ ಗಾಜಿನ ಬಟ್ಟೆಯನ್ನು ತುದಿ ಸಪೂರವಾದ ಉಕ್ಕಿನ ಸರಳಿಗೆ ಸುತ್ತಿ, ಕಾಯಿಸಿ, ಸರಳನ್ನು ಹೊರಗೆಳೆದರೆ ತೆಳುಗೋಡೆಯ ಕೊಳವೆ ಉಳಿಯುತ್ತದೆ. ಹಗುರತನವು ವಸ್ತುವಿನಲ್ಲಿರಲಿಲ್ಲ, ಆಕಾರದಲ್ಲಿತ್ತು.

ಇಂತಹ ಕೊಳವೆಯನ್ನು ಕಾರ್ಖಾನೆಯಲ್ಲಿ ಹೇರಳವಾಗಿ ತಯಾರಿಸಬಹುದಾದುದರಿಂದ ಮತ್ತೊಂದು ಪರಿಣಾಮವುಂಟಾಯಿತು. ಬಿದಿರಿನ ಕಾಲದಲ್ಲಿಯೂ ಹವ್ಯಾಸಿಗಳು ಕೋಲು ಕಟ್ಟುತ್ತಿದ್ದರು; ಹೆನ್ರಿ ವೆಲ್ಸನು ೧೮೮೫ರಲ್ಲಿಯೇ ನೊಣಗಾಳದ ಕೋಲುಗಳನ್ನು ಕುರಿತು ಗ್ರಂಥ ಬರೆದಿದ್ದನು. ಆದರೆ ಸೀಳುವುದು, ಕೀಸುಳಿಯಿಂದ ತ್ರಿಕೋನಾಕಾರಕ್ಕೆ ಕೆತ್ತುವುದು, ಅಂಟಿಸುವುದು ಇವೆಲ್ಲ ವರ್ಷಗಟ್ಟಲೆಯ ಅಭ್ಯಾಸವನ್ನು ಬೇಡುತ್ತಿದ್ದುವು. ಗಾಜಿನ ಬರಿಗೋಲು ಕೈಗೆಟುಕುವ ಬೆಲೆಗೆ ದೊರೆಯತೊಡಗಿದ ಮೇಲೆ ಹವ್ಯಾಸಿಯು ಕೋಲನ್ನು ಮಾಡುವವನಾಗಿ ಉಳಿಯದೆ ಆರಿಸಿ ಕಟ್ಟುವವನಾದನು. ಡೇಲ್ ಕ್ಲೆಮೆನ್ಸ್ ೧೯೭೪ರಲ್ಲಿ ಗಾಜಿನ ಕೋಲು ಕಟ್ಟುವ ಕ್ರಮವನ್ನು ಕುರಿತು ಪ್ರಕಟಿಸಿದ ಪುಸ್ತಕವು ಈ ಹೊಸ ವರ್ಗದ ಓದುಗರಿಗಾಗಿಯೇ ಬರೆದುದು.

ಬಿದಿರು ಹೀಗೆ ಹಿಂದೆ ಸರಿದುದಕ್ಕೆ ಗಾಜಿನ ಗುಣವೊಂದೇ ಕಾರಣವೇ? ಇದು ನಮ್ಮ ವಿವೇಚನೆಯ ಮುಖ್ಯ ಪ್ರಶ್ನೆ. ೧೯೫೦ರ ಡಿಸೆಂಬರಿನಲ್ಲಿ, ಕೊರಿಯಾ ಯುದ್ಧಕ್ಕೆ ಚೀನಾ ಇಳಿದ ಬಳಿಕ, ಅಮೆರಿಕ ಸರ್ಕಾರವು ಚೀನಾದೊಡನೆ ವ್ಯಾಪಾರವನ್ನು ನಿಷೇಧಿಸಿತು. ಟಾಂಕಿನ್ ಬಿದಿರು ಅಮೆರಿಕಕ್ಕೆ ಬರುವುದು ನಿಂತುಹೋಯಿತು. ಮುಂಚೆಯೇ ದಾಸ್ತಾನು ಮಾಡಿಕೊಂಡಿದ್ದ ಕೆಲವರು ಮಾತ್ರ ಕೆಲಸವನ್ನು ಮುಂದುವರಿಸಿದರು. ಈ ನಿಷೇಧವು ತೆರವಾದುದು ೧೯೭೧ರ ಜೂನಿನಲ್ಲಿ. ಗಾಜಿನ ಕೋಲು ತನ್ನ ಸ್ಥಾನವನ್ನು ಭದ್ರಪಡಿಸಿಕೊಂಡ ಇಪ್ಪತ್ತು ವರ್ಷಗಳೂ ಅದರ ಪ್ರತಿಸ್ಪರ್ಧಿಗೆ ಬಾಗಿಲು ಮುಚ್ಚಿದ್ದ ಇಪ್ಪತ್ತು ವರ್ಷಗಳೂ ಒಂದೇ. ಇದನ್ನು ಕಂಡು, ಗಾಜಿನ ಗೆಲುವು ರಾಜಕೀಯದ ಕೂಸೆಂದು ಹೇಳುವವರೂ ಇದ್ದಾರೆ.

ಈ ವಾದವನ್ನು ಪರೀಕ್ಷಿಸಲು ಬ್ರಿಟನ್ನಿನ ನಿದರ್ಶನ ನಮಗೆ ನೆರವಾಗುತ್ತದೆ. ಅಮೆರಿಕದ ಈ ನಿಷೇಧ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ೧೯೫೦ರ ದಶಕದಲ್ಲಿ ಅಲ್ಲಿ ಸೀಳುಬಿದಿರಿನ ಕೋಲು ಮೆರೆಯುತ್ತಲೇ ಇದ್ದಿತು. ರಿಚರ್ಡ್ ವಾಕರನು ೧೯೫೨ರಲ್ಲಿ ರೆಡ್‌ಮೈರ್ ಕೊಳದಲ್ಲಿ ೪೪ ಪೌಂಡಿನ ಕಾರ್ಪ್ ಮೀನನ್ನು ಹಿಡಿದು ದಾಖಲೆ ಸ್ಥಾಪಿಸಿದುದು ಬಿದಿರಿನ ಕೋಲಿನಿಂದಲೇ. ಆದರೂ ೧೯೬೦ರ ದಶಕದಲ್ಲಿ ಅಲ್ಲಿಯೂ ಗಾಜು ಬಿದಿರನ್ನು ಹಿಂದಿಕ್ಕಿತು. ಬೆಲೆ ಕಡಮೆ, ನೀರಿನಿಂದ ಕೆಡದು, ಕುಶಲನ ಸಮಯ ಬೇಡದು ಎಂಬ ಗುಣಗಳು ಎರಡು ದೇಶಗಳಿಗೂ ಸಮಾನವಾಗಿದ್ದುವು. ಆದುದರಿಂದ ನಿಷೇಧವು ಬದಲಾವಣೆಯ ಕಾಲವನ್ನು ನಿರ್ಧರಿಸಿತು, ಬದಲಾವಣೆಯನ್ನಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೆ ಕಾಲವೂ ಅಲ್ಪವಾದ ಸಂಗತಿಯಲ್ಲ. ಅಮೆರಿಕದಲ್ಲಿ ಒಂದು ತಲೆಮಾರಿನ ಗಾಳಗಾರರು ಹೊಸ ಬಿದಿರನ್ನು ಹೊಸ ಗಾಜಿನೊಡನೆ ಹೋಲಿಸಿ ನೋಡುವ ಅವಕಾಶವಿಲ್ಲದೆಯೇ ತೀರ್ಪು ಕೊಟ್ಟರು.

೫

ಬಿದಿರಿಗೆ ಬಾಗಿಲು ತೆರೆದ ಹೊತ್ತಿಗೆ ಮೂರನೆಯ ಸ್ಪರ್ಧಿ ಹೊಸಲಲ್ಲಿ ನಿಂತಿತ್ತು. ಇಂಗಾಲದ ಎಳೆಯ ವಿದ್ಯೆಯು ಅಮೆರಿಕದಲ್ಲಿ ರೋಜರ್ ಬೇಕನ್, ಜಪಾನಿನಲ್ಲಿ ಅಕಿಯೊ ಶಿಂಡೊ, ಇಂಗ್ಲೆಂಡಿನ ಫಾರ್ನ್‌ಬರೊ ವಿಮಾನ ಸಂಶೋಧನಾಲಯದಲ್ಲಿ ವಿಲಿಯಂ ವಾಟ್ ಮತ್ತವರ ಸಹೋದ್ಯೋಗಿಗಳು ೧೯೫೦ರ ದಶಕದ ಅಂತ್ಯದಿಂದ ೧೯೬೦ರ ದಶಕದ ನಡುವಿನವರೆಗೆ ನಡೆಸಿದ ಪ್ರಯೋಗಗಳಿಂದ ರೂಪುಗೊಂಡಿತು. ವಿಮಾನಗಳಿಗಾಗಿ ಬೆಳೆದ ಈ ವಸ್ತು ೧೯೭೨ರಲ್ಲಿ ಜಪಾನಿನ ಆಯು ಮೀನಿನ ನೀಳವಾದ ಕೋಲುಗಳಿಗೆ ಬಂದಿತು. ಮರುವರ್ಷ ಅಮೆರಿಕದ ಫೆನ್‌ವಿಕ್ ಸಂಸ್ಥೆಯ ಕೋಲುಗಳು ಹೊರಬಂದುವು. ಸಾಮಾನ್ಯ ಇಂಗಾಲದ ಎಳೆಯ ದಾರ್ಢ್ಯ ಗಾಜಿನ ಎಳೆಯದರ ಸುಮಾರು ಮೂರು ಪಟ್ಟು. ಸಾಂದ್ರತೆಯಾದರೋ ೨.೫ಕ್ಕೆ ಬದಲಾಗಿ ೧.೮ರ ಸುಮಾರು. ವಸ್ತುವಿನ ಹಗುರತನವೂ ಆಕಾರದ ಹಗುರತನವೂ ಇಲ್ಲಿ ಮೊದಲ ಬಾರಿಗೆ ಒಂದಾದುವು. ಭಾಗಗಳನ್ನು ಜೋಡಿಸುವ ಲೋಹದ ಬಳೆಗಳನ್ನು ಕೈಬಿಟ್ಟು, ಕೊಳವೆಯೊಳಗೆ ಕೊಳವೆಯನ್ನೇ ಕೂರಿಸುವ ಪದ್ಧತಿ ಗಾಜಿನ ಕಾಲದಲ್ಲಿಯೇ ಬಂದಿತ್ತಾದ್ದರಿಂದ, ನಡುಗೋಲಿನ ಒಂದು ದೊಡ್ಡ ಹೊರೆಯೂ ಇಳಿದಿತ್ತು.

ಆದರೆ ಈ ಲಾಭದೊಡನೆ ಹೊಸ ದೋಷಗಳೂ ಬಂದುವು. ತೆಳುಗೋಡೆಯ ಕೊಳವೆ ಬಾಗುವಿಕೆಯನ್ನು ಸಹಿಸಿದಷ್ಟು ಪೆಟ್ಟನ್ನು ಸಹಿಸದು. ಕಲ್ಲಿಗೆ ತಾಗಿದ ಸಣ್ಣ ಗೀರು ಮುಂದೊಂದು ದಿನ ಮುರಿತವಾಗಬಹುದು. ಇಂಗಾಲವು ವಿದ್ಯುದ್ವಾಹಕವಾದುದರಿಂದ ವಿದ್ಯುತ್ತಂತಿಗಳ ಕೆಳಗೆ ಅಂತಹ ಕೋಲು ಪ್ರಾಣಾಪಾಯಕರ. ಇನ್ನು ವ್ಯಾಪಾರದಲ್ಲಿ ಹುಟ್ಟಿದ ಭ್ರಮೆಯೊಂದುಂಟು. ಎಳೆಯ ಸ್ಥಿತಿಸ್ಥಾಪಕತ್ವದ ಅಂಕಿಯನ್ನು ಕೋಲಿನ ಮೇಲೆ ಅಚ್ಚೊತ್ತಿ, ಅಂಕಿ ಹೆಚ್ಚಿದಷ್ಟೂ ಕೋಲು ಶ್ರೇಷ್ಠವೆಂದು ಸೂಚಿಸುವ ಪದ್ಧತಿ ಬೆಳೆಯಿತು. ಆ ಅಂಕಿ ಎಳೆಯದು, ಕೋಲಿನದಲ್ಲ. ಗೋಡೆಯ ದಪ್ಪ, ತುದಿಯವರೆಗೆ ಸಪೂರವಾಗುವ ಕ್ರಮ, ರಾಳದ ಪ್ರಮಾಣ ಇವು ಸೇರಿದ ಮೇಲೆಯೇ ಕೋಲಿನ ಗುಣ ನಿಶ್ಚಯವಾಗುವುದು.

ಈ ಭ್ರಮೆಗೆ ಪ್ರತಿಯಾಗಿ ಹುಟ್ಟಿದ ಒಂದು ಸರಳ ಉಪಾಯವನ್ನು ಇಲ್ಲಿ ಹೆಸರಿಸಬೇಕು. ೨೧ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ವಿಲಿಯಂ ಹ್ಯಾನ್ನಮನ್ ಎಂಬುವನು ಕೋಲನ್ನು ಅಡ್ಡಲಾಗಿ ಬಿಗಿದು, ತುದಿಗೆ ಚೀಲ ಕಟ್ಟಿ, ತುದಿಯು ಕೋಲಿನ ಉದ್ದದ ಮೂರನೆಯ ಒಂದು ಭಾಗದಷ್ಟು ಕೆಳಗಿಳಿಯುವವರೆಗೆ ಅದರಲ್ಲಿ ಒಂದು ಸೆಂಟಿನ ನಾಣ್ಯಗಳನ್ನು ಹಾಕುವ ಕ್ರಮವನ್ನು ಪ್ರಚುರಪಡಿಸಿದನು. ೧೯೮೩ರಿಂದೀಚಿನ ಆ ನಾಣ್ಯದ ತೂಕ ೨.೫ ಗ್ರಾಂ. ನಾಣ್ಯಗಳ ಸಂಖ್ಯೆ ಕೋಲಿನ ಬಲವನ್ನು ಹೇಳುತ್ತದೆ, ತುದಿ ಬಾಗಿ ನಿಂತ ಕೋನ ಅದರ ಸ್ವಭಾವವನ್ನು ಹೇಳುತ್ತದೆ. ಎರಡು ಬರಿಗೋಲುಗಳು ಒಂದೇ ಬಲದವೆಂದು ಹೀಗೆ ಗೊತ್ತಾದ ಮೇಲೆಯೇ ‘ಇವುಗಳಲ್ಲಿ ಯಾವುದು ಹಗುರ’ ಎಂಬ ಪ್ರಶ್ನೆಗೆ ಅರ್ಥ ಬರುವುದು.

೬

ಮೇಲೆ ಹೇಳಿದುದರಿಂದ ಫಲಿಸುವ ಅಂಶಗಳನ್ನು ಸಂಗ್ರಹಿಸಬಹುದು. ಬರಿಗೋಲನ್ನು ಆರಿಸುವವನು ಮೊದಲು ಮೀನನ್ನೂ ನೀರನ್ನೂ ನಿಶ್ಚಯಿಸಿಕೊಳ್ಳಬೇಕು. ೧೯೪೬ರಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಕಬಿನಿ ನದಿಯಲ್ಲಿ ಹಿಡಿದ ಮಹಸೀರ್ ಮೀನು ೧೨೦ ಪೌಂಡ್ ತೂಗಿತು. ಅಂತಹ ಮೀನಿಗೆ ತಕ್ಕ ಕೋಲಿನಲ್ಲಿ ಹಗುರತನ ಎರಡನೆಯ ಗುಣವೇ ಸರಿ, ಮೊದಲನೆಯದು ಬಲ. ಸಣ್ಣ ತೊರೆಯ ಮೀನಿಗೆ ಈ ಕ್ರಮ ತಲೆಕೆಳಗಾಗುತ್ತದೆ. ಬಲ ನಿಶ್ಚಯವಾದ ಮೇಲೆ ಒಟ್ಟು ತೂಕಕ್ಕಿಂತ ತುದಿಯ ತೂಕವನ್ನು ನೋಡಬೇಕು. ಹಗುರವಾದ ಬರಿಗೋಲಿನ ತುದಿಗೆ ಭಾರವಾದ ಉಂಗುರಗಳನ್ನು ಕಟ್ಟಿ, ಅರಗಿನೆಣ್ಣೆಯನ್ನು ದಪ್ಪವಾಗಿ ಬಳಿದರೆ, ಹಣ ಕೊಟ್ಟು ಪಡೆದ ಗುಣವನ್ನು ಕೈಯಾರೆ ಕಳೆದುಕೊಂಡಂತೆಯೇ.

ಇತಿಹಾಸದ ವಿದ್ಯಾರ್ಥಿಗಾದರೋ ಇದರಿಂದ ಬೇರೊಂದು ಪಾಠವುಂಟು. ಹೊಸ ವಸ್ತು ಹಳೆಯದನ್ನು ಗೆಲ್ಲುವುದು ಗುಣಾಧಿಕ್ಯದಿಂದಲೇ ಎಂದು ನಾವು ಸಾಮಾನ್ಯವಾಗಿ ನಂಬುತ್ತೇವೆ. ಈ ಕೋಲಿನ ಕಥೆಯಲ್ಲಿ ಗುಣವೂ ಇದೆ. ಅದರೊಡನೆ ಒಂದು ಬಂದರಿನ ಹೆಸರಿದೆ, ಒಂದು ಯುದ್ಧವಿದೆ, ಒಂದು ವ್ಯಾಪಾರನಿಷೇಧವಿದೆ, ವಿಮಾನಗಳಿಗಾಗಿ ಮಾಡಿದ ವೆಚ್ಚವಿದೆ. ಇವುಗಳಲ್ಲಿ ಒಂದನ್ನೇ ಕಾರಣವೆಂದು ಹಿಡಿಯುವುದು ಸುಲಭ, ಆದರೆ ಸತ್ಯವಲ್ಲ. ಇಂದಿಗೂ ಕೆಲವರು ಬಿದಿರನ್ನು ಸೀಳಿ ಕೋಲು ಕಟ್ಟುತ್ತಿದ್ದಾರೆ, ಕೆಲವರು ಗಾಜನ್ನೇ ಮೆಚ್ಚುತ್ತಾರೆ. ಅವರು ಹಿಂದುಳಿದವರಲ್ಲ. ಎಂದೋ ಅವಸರದಲ್ಲಿ ಕೊಟ್ಟ ತೀರ್ಪನ್ನು ತಮ್ಮ ಕೈಯಲ್ಲಿ ಹಿಡಿದು ಮತ್ತೊಮ್ಮೆ ವಿಚಾರಿಸುತ್ತಿರುವವರು ಅವರು. ಕೋಲು ಕಟ್ಟುವವನ ಮೇಜಿನ ಮೇಲೆ ಮೂರು ಬರಿಗೋಲುಗಳು ಜೊತೆಯಾಗಿ ಮಲಗಿರುವಾಗ ಅವನು ಕೇಳಬೇಕಾದ ಪ್ರಶ್ನೆ, ಯಾವುದು ಹೊಸದು ಎಂದಲ್ಲ. ತನ್ನ ನೀರಿಗೆ, ತನ್ನ ಮೀನಿಗೆ, ತನ್ನ ತೋಳಿಗೆ ಯಾವುದು ಹಗುರ ಎಂದು.